ಅಮೆರಿಕದಿಂದ ಬಂದ ಇಳಕಲ್ ಸೀರೆ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಎರಡು ವರ್ಷ ಅಮೆರಿಕದಲ್ಲಿದ್ದು ಕಲಿತು ಬಂದದ್ದು ಒಂದೇ ವಿದ್ಯೆ: ಇಳಕಲ್ ಸೀರೆ ಉಡುವುದು. ಹೌದು, ಅಮೆರಿಕದಲ್ಲೇ! ಇಳಕಲ್ಲಿನಿಂದ ಒಂದು ದಿನದ ದಾರಿಯಾದ ಪುಣೆಯಲ್ಲಿ ಬೆಳೆದು, ಆ ಸೀರೆಯನ್ನು ಮೈಮೇಲೆ ಹಾಕಿಕೊಳ್ಳಲು ಸಮುದ್ರ ದಾಟಿ ಹೋಗಿ ಬಂದ ಹೆಂಗಸು ಬೇರೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ನಾನು ಅವರನ್ನು ಟೀಗೆ ಕರೆಯುತ್ತೇನೆ.

ಹೋಗುವಾಗ ಹೀಗಿರಲಿಲ್ಲ. ಎಪ್ಪತ್ತರ ದಶಕದ ಆರಂಭ. ದಕ್ಷಿಣ ಅಮೆರಿಕಾ ಅಲ್ಲ, ಅಮೆರಿಕದ ದಕ್ಷಿಣ. ಅಲ್ಲಿಯ ಒಂದು ಕಾಲೇಜಿಗೆ ಗಣಿತ ಕಲಿಸಲು ಹೊರಟಾಗ ಅತ್ತೆ ತಿಳಿಗುಲಾಬಿ ನೈಲಾನ್ ಸೀರೆಯಲ್ಲಿ ಪಕ್ಕಾ ಲೇಡಿ. ಗುಂಗುರು ಕೂದಲನ್ನು ಅರ್ಧ ಬಾಟಲಿ ಕೊಬ್ಬರಿ ಎಣ್ಣೆ ಸುರಿದು, ಲೆಕ್ಕವಿಲ್ಲದಷ್ಟು ಪಿನ್ನು ಚುಚ್ಚಿ ತಲೆಗೆ ಅಂಟಿಸಿಕೊಂಡಿದ್ದಳು. ಬರುವಾಗ ಎಣ್ಣೆಯೂ ಇಲ್ಲ, ಪಿನ್ನೂ ಇಲ್ಲ. ಕೂದಲು ತಲೆಯ ಸುತ್ತ ಸ್ವತಂತ್ರ ರಾಷ್ಟ್ರದಂತೆ ನಿಂತಿತ್ತು. ಶಿವಾಜಿನಗರದ ನಮ್ಮ ವಠಾರದಂಥ ವಾಡೆಯ ಹೆಂಗಸರೆಲ್ಲ ಲಿಪ್‌ಸ್ಟಿಕ್, ಸೆಂಟು ಸಿಕ್ಕೀತೆಂದು ಸೂಟ್‌ಕೇಸಿನ ಸುತ್ತ ಕೂತರು. ಹೊರಬಂದದ್ದು ಒಂದು ಕಟ್ಟು ಫೋಟೋ, ಮತ್ತು ಫೋರ್ಕಿನಂಥ ಉದ್ದ ಹಲ್ಲಿನ ಒಂದು ಹಣಿಗೆ. ಆ ಹಣಿಗೆಯನ್ನು ಅತ್ತೆ ಎರಡು ದಿನ ಹುಡುಕಿದಳು. ಮೂರನೆಯ ದಿನ ಅದು ನಮ್ಮಮ್ಮನ ಕೈಯಲ್ಲಿ, ಊಟದ ಹೊತ್ತಿಗೆ ಕಾಣಿಸಿಕೊಂಡಿತು.

"ಅಕ್ಕಾರ, ಶಾವಿಗಿ ಎತ್ತಾಕ ಭಾಳ ಛಲೋ ಚಮಚಾ ತಂದೀರಿ."

"ಅದು ತಲಿ ಬಾಚ್ಕೊಳ್ಳೋದು."

ಅಮ್ಮ ತಟ್ಟೆ ನೋಡಿದಳು, ಅತ್ತೆಯ ತಲೆ ನೋಡಿದಳು. "ಇರ್ಲಿ ಬಿಡ್ರಿ, ಎರಡೂ ಒಂದ ನಮೂನಿ ಅದಾವ" ಎಂದು ಬಡಿಸಿದಳು.

ಫೋಟೋಗಳ ವಿಷಯಕ್ಕೆ ಬರುತ್ತೇನೆ; ಎಲ್ಲವೂ ಅತ್ತೆ ಕಲಿಸಿದ ಕಾಲೇಜಿನವು. ಆ ಕಾಲೇಜು ಗುಲಾಮಗಿರಿ ಮುಗಿದ ಹೊಸದರಲ್ಲಿ ಕಪ್ಪು ಜನರ ಮಕ್ಕಳಿಗಾಗಿ ಕಟ್ಟಿದ್ದು. ಅತ್ತೆ ಹೋದಾಗ ಅಲ್ಲಿ ಎರಡು ಪಕ್ಷಗಳಿದ್ದವು. ಒಂದರ ಮುಖ್ಯಸ್ಥೆ ವಯಸ್ಸಾದ ಮಹಿಳಾ ಡೀನ್. ಸುಡುಬಿಸಿಲಿನಲ್ಲೂ ಹ್ಯಾಟು, ಬಿಳಿ ಗ್ಲೌಸು, ಕಾಲುಚೀಲ. ಬಿಸಿ ಕಬ್ಬಿಣದಿಂದ ನೆಟ್ಟಗೆ ಮಾಡಿದ ಕೂದಲು. ಒಂದು ಗುಂಡಿ ಸಡಿಲವಾದರೂ ಹುಡುಗಿಯರನ್ನು ವಾಪಸು ಕಳಿಸುತ್ತಿದ್ದರಂತೆ. "ಗೇಟಿನ ಹೊರಗಿನವರು ಆ ಗುಂಡಿಗಾಗಿಯೇ ಕಾದಿದ್ದಾರೆ, ನಮ್ಮನ್ನು ಹೊಲದ ಆಳು ಅನ್ನಲಿಕ್ಕೆ" ಎಂಬುದು ಅವರ ವಾದ. ಇನ್ನೊಂದು ಪಕ್ಷದ ಹುಡುಗಿಯರು ಕೂದಲನ್ನು ಹುಟ್ಟಿದ ಹಾಗೆಯೇ ಬಿಟ್ಟು, ಆಫ್ರಿಕಾದ ಬಣ್ಣದ ಅಂಗಿ ತೊಟ್ಟು ಬರುತ್ತಿದ್ದರು. ಒಬ್ಬಳಂತೂ ಹೊಲದ ಆಳುಗಳೇ ಹಾಕುವ ನೀಲಿ ಜೀನ್ಸಿನ ಓವರಾಲ್ ಹಾಕಿಕೊಂಡು ಮೊದಲನೆಯ ಬೆಂಚಿನಲ್ಲಿ ಕೂರುತ್ತಿದ್ದಳು.

ಅತ್ತೆ ಆಗ ಮನಸಾರೆ ಗ್ಲೌಸಿನ ಪಕ್ಷ. "ನಿನಗೆ ಬೇರೆ ಬಟ್ಟೆಯಿಲ್ಲವೇ?" ಎಂದು ಕೇಳಿಯೇಬಿಟ್ಟಳು.

"ಇದೆ, ಮ್ಯಾಮ್. ಆದರೆ ನನ್ನ ಅಜ್ಜಿ ಇದನ್ನು ಹಾಕಿಕೊಂಡೇ ಹತ್ತಿ ಬಿಡಿಸಿ ನನ್ನನ್ನು ಇಲ್ಲಿಗೆ ಕಳಿಸಿದಳು. ಅವಳಿಗೆ ಕ್ಲಾಸಿಗೆ ಬರಲು ಆಗಲಿಲ್ಲವಲ್ಲ, ನಾನೇ ಕರೆತರುತ್ತೇನೆ." ಆಮೇಲೆ ಆ ಹುಡುಗಿ ಮುಗ್ಧವಾಗಿ ಕೇಳಿದಳಂತೆ, "ನಿಮ್ಮ ತಾಯಿ ಏನು ಉಡುತ್ತಾರೆ, ಮ್ಯಾಮ್?"

ಬೋರ್ಡಿನ ಮೇಲಿದ್ದ ಲೆಕ್ಕದ ಮುಂದಿನ ಸ್ಟೆಪ್ ಅತ್ತೆಗೆ ಆ ದಿನ ಹೊಳೆಯಲೇ ಇಲ್ಲ.

ಏಕೆಂದರೆ ಅವಳ ತಾಯಿ, ಅಂದರೆ ನನ್ನ ಅಜ್ಜಿ, ಇಳಕಲ್ ಸೀರೆ ಉಡುತ್ತಿದ್ದಳು. ನೆಂಟರು ಬಂದರೆ ನಾವು ಅದನ್ನು ಬಿಡಿಸಿ ಅವಳಿಗೆ ವಾಯಿಲ್ ಸೀರೆ ಉಡಿಸುತ್ತಿದ್ದೆವು, ಕುರ್ಚಿಯ ಕವರು ಬದಲಿಸುವ ಹಾಗೆ. ನಮ್ಮ ಮನೆಯ ಮಟ್ಟಿಗೆ ಪುಣೆಯಲ್ಲಿ ಇಳಕಲ್ ಸೀರೆಗೆ ಒಂದೇ ಅರ್ಥವಿತ್ತು: ಬಿಜಾಪುರ, ಗುಲ್ಬರ್ಗಾ ಕಡೆಯಿಂದ ಬಂದು ಕಟ್ಟಡಗಳಿಗೆ ಬುಟ್ಟಿ ಹೊರುವ ಹೆಂಗಸರು. ಅಜ್ಜಿಯೂ ಹುಡುಗಿಯಾಗಿದ್ದಾಗ ಹಾಗೆಯೇ ಬಂದವಳು. ಕೋರ್ಟಿನ ಜವಾನನೊಬ್ಬನನ್ನು ಮದುವೆಯಾದಳು, ಜವಾನ ಗುಮಾಸ್ತನಾದ, ಗುಮಾಸ್ತನ ಮಗ, ಅಂದರೆ ನನ್ನ ಅಪ್ಪ, ಹೆಡ್‌ಕ್ಲಾರ್ಕ್ ಆದ. ಬುಟ್ಟಿಯ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅತ್ತೆ ಅದನ್ನೇ ಎತ್ತಿದಳು. ಪುಣೆಯ ಹೆಣ್ಣುಮಕ್ಕಳ ಕಾಲೇಜಿನಲ್ಲಿ ನೌಕರಿ ಸಿಕ್ಕ ಮೊದಲ ದಿನವೇ ಅಜ್ಜಿಯ ಟ್ರಂಕಿನಿಂದ ಸೀರೆ ತೆಗೆದು ಉಟ್ಟು ಹೊರಟಳು. ಕಾಲೇಜಿನ ಹಿಂದೆ ಹೊಸ ಕಟ್ಟಡ ಏಳುತ್ತಿತ್ತು. ವಾಚ್‌ಮನ್ ಇವಳನ್ನು ನೋಡಿ, "ಬಾಯಿ, ತಿಕಡೆ" ಎಂದು ಮರಾಠಿಯಲ್ಲಿ ಗದರಿ, ಕೂಲಿಯವರ ಹಿಂದಿನ ಗೇಟು ತೋರಿಸಿದ. ಅಲ್ಲಿ ಕೂಲಿಗಳ ಮೇಸ್ತ್ರಿ ಮುಕಾದಮ, ಲೇಟಾಯಿತೆಂದು ಬೈದು, ಹಾಜರಿ ಹಾಕಿಕೊಂಡು ಬುಟ್ಟಿ ಕೊಟ್ಟ. ಬೇರೆಯವರಾಗಿದ್ದರೆ ಅತ್ತು ಮನೆಗೆ ಬರುತ್ತಿದ್ದರು, ಅಲ್ಲವೇ? ಅತ್ತೆ ಕೆಲಸದ ಹೆಂಗಸರೊಡನೆ ಕನ್ನಡದಲ್ಲಿ ಊರು, ಕೇರಿ, ಮಕ್ಕಳು ಎಲ್ಲ ವಿಚಾರಿಸಿಕೊಂಡು, ಹತ್ತು ನಿಮಿಷ ತಡವಾಗಿ, ಸೆರಗಿನ ತುಂಬ ಸಿಮೆಂಟಿನೊಂದಿಗೆ ಕ್ಲಾಸಿಗೆ ಬಂದಳು.

"ಸಾರಿ, ಗರ್ಲ್ಸ್. ನಾನು ಇನ್ನೊಂದು ಕಡೆ ಪ್ರೆಸೆಂಟ್ ಆಗಿದ್ದೆ."

ಈ ಗರ್ಲ್ಸ್ ನಡುವೆ ನಾನೂ ಇದ್ದೆ ಎಂಬುದೇ ನನ್ನ ದುರದೃಷ್ಟ. ಕಾನ್ವೆಂಟಿನಲ್ಲಿ ಓದಿ, ರಿಬ್ಬನ್ನಿಗೂ ಇಸ್ತ್ರಿ ಹಾಕುತ್ತಿದ್ದ ಹದಿನೆಂಟರ ಹುಡುಗಿ. ಅವಳು ನನ್ನ ಅತ್ತೆಯೆಂದು ಒಬ್ಬರಿಗೂ ಹೇಳಲಿಲ್ಲ. "ಆ ಮೇಡಂ ನಿನ್ನ ಹಾಗೆ ಕನ್ನಡದವರಂತೆ?" ಎಂದು ಗೆಳತಿ ಕೇಳಿದರೆ, "ಕರ್ನಾಟಕ ಭಾಳ ದೊಡ್ಡ ರಾಜ್ಯ" ಎನ್ನುತ್ತಿದ್ದೆ. ದಾರಿಯಲ್ಲಿ ಇಪ್ಪತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದೆ. ಅತ್ತೆಗೆ ಎಲ್ಲ ಗೊತ್ತಿತ್ತು.

"ಬೇಬಿ, ಇನ್ನೊಂಚೂರು ಮುಂದ ನಡಿ. ನನ್ನ ನೆರಳು ನಿನ್ನ ಮ್ಯಾಲ ಬೀಳಾಕತ್ತದ."

ವರ್ಷದ ಕೊನೆಗೆ ಮೆಮೊ ಬಂತು. ಟೆಂಪರರಿ ಲೆಕ್ಚರರ್‌ಗಳನ್ನು ಪರ್ಮನೆಂಟ್ ಮಾಡಲು ಕಮಿಟಿ ಬರುತ್ತದೆ, ಅವರ ಮುಂದೆ ಪಾಠ ಮಾಡಬೇಕು, ಉಡುಪು ಘನತೆಯಿಂದಿರಬೇಕು. ಮನೆಯಲ್ಲಿ ಸಭೆ ಸೇರಿತು.

"ಅಕ್ಕಾ, ಒಂದ ದಿನಾ ನೈಲಾನ್ ಉಡು" ಎಂದ ಅಪ್ಪ. "ಇಷ್ಟು ವರ್ಷಾ ತಿಣುಕಿ ಮ್ಯಾಲ ಬಂದೀವಿ. ನೀ ಮತ್ತ ನಮ್ಮ ಕೈಯಾಗ ಬುಟ್ಟಿ ಕೊಡಸ್ತಿ."

ಅಜ್ಜಿಯೂ ಅವನ ಕಡೆಗೇ. "ಬಿಡವಾ, ಕೂಲಿ ಸೀರಿ ಅದು. ನೌಕರಿ ಹೋದೀತು."

"ಹೋದರ ಹೋಗ್ಲಿ ಅವ್ವಾ. ಹೊಟ್ಟಿಗೆ ಟ್ಯೂಷನ್ ಹೇಳ್ತೀನಿ. ಸೀರಿ ಬದಲ ಮಾಡಂಗಿಲ್ಲ."

ಕಮಿಟಿ ಬಂತು. ಅತ್ತೆ ಕೆಂಪು ದಡಿಯ ಕಪ್ಪು ಇಳಕಲ್ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಪ್ರಮೇಯ ಸಾಧಿಸಿದಳು. ಸೂಟು ಹಾಕಿದ ಹಿರಿಯರೊಬ್ಬರು ಕೊನೆಯವರೆಗೂ ಸೀರೆಯನ್ನೇ ನೋಡಿ, "ಮೇಡಂ, ಗಣಿತ ಕಲಿಸಲು ಇದು ಸರಿಯಾದ ಉಡುಪೇ?" ಎಂದರು.

"ಪ್ರಮೇಯ ಇದುವರೆಗೆ ತಕರಾರು ಮಾಡಿಲ್ಲ, ಸರ್."

ಅವರು ನಗಲಿಲ್ಲ. ನಮ್ಮ ಕಡೆ ತಿರುಗಿದರು. "ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥದ್ದನ್ನು ಉಡುತ್ತಾರೆಯೇ?" ಉತ್ತರ ಬರುವುದಿಲ್ಲ ಎಂಬ ಭರವಸೆ ಆ ದನಿಯಲ್ಲಿತ್ತು.

ಅತ್ತೆ ಡಸ್ಟರ್ ತೆಗೆದುಕೊಂಡು ಬೋರ್ಡು ಒರೆಸತೊಡಗಿದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ನಾನು ಕೂತೇ ಇರುತ್ತಿದ್ದೆ. ಹೇಗೆ ಎದ್ದು ನಿಂತೆನೋ ಗೊತ್ತಿಲ್ಲ. ಹನ್ನೊಂದು ವರ್ಷ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷಿನಲ್ಲಿ ಬಾಯಿಗೆ ಬಂದದ್ದು ಐದೇ ಶಬ್ದ: "ಮೈ ಗ್ರ್ಯಾಂಡ್‌ಮದರ್, ಸರ್. ಹರ್ ಮದರ್." ಕೊನೆಯೆರಡಕ್ಕೆ ಅತ್ತೆಯ ಕಡೆ ಕೈ ತೋರಿಸಿದೆ.

ಡಸ್ಟರ್ ನಿಂತಿತು.

ಆ ವರ್ಷ ಅತ್ತೆ ಪರ್ಮನೆಂಟ್ ಆಗಲಿಲ್ಲ. ಮರುವರ್ಷವೂ ಇಲ್ಲ. ಮೂರನೆಯ ವರ್ಷ ಆದಳು. ಸೀರೆ ಬದಲಾಗಿರಲಿಲ್ಲ, ಕಮಿಟಿ ಬದಲಾಗಿತ್ತು.

ಆದರೆ ನನಗೆ ನೆನಪಿರುವುದು ಆ ಸಂಜೆ. ನಾವಿಬ್ಬರೂ ಜೊತೆಗೇ ನಡೆದು ಮನೆಗೆ ಬಂದಿದ್ದೆವು. ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಿದಳು.

"ಅಷ್ಟು ದೊಡ್ಡ ಸಾಹೇಬ್ರ ಮುಂದ ನನ್ನ ಹೆಸರ ಹೇಳಿದ್ಯಾ?"

"ಹೆಸರಲ್ಲ ಅಜ್ಜಿ. ನನ್ನ ಅಜ್ಜಿ ಅಂದೆ."

"ಹೆಸರ ಹೇಳಬೇಕಿತ್ತು."

ಆಗ ನನಗೆ ಹೊಳೆಯಿತು. ಹದಿನೆಂಟು ವರ್ಷ ಅವಳ ಕೈಯ ರೊಟ್ಟಿ ತಿಂದಿದ್ದೇನೆ, ಅವಳ ಹೆಸರು ನನಗೆ ಗೊತ್ತಿಲ್ಲ. ಮನೆಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

"ನಿನ್ನ ಹೆಸರೇನಜ್ಜಿ?"

ಗಂಡನ ಹೆಸರು ಹೇಳೆಂದು ಕಾಡಿಸಿಕೊಂಡ ಹೊಸ ಮದುವಣಗಿತ್ತಿಯಂತೆ ಅಜ್ಜಿ ನಾಚಿದಳು. ಹಿಟ್ಟಿನ ಕೈಯಿಂದಲೇ ಸೆರಗು ಎಳೆದುಕೊಂಡು, ತವೆಗೆ ಹೇಳುವಂತೆ, "ಯಮನವ್ವ" ಎಂದಳು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಕಣ್ಣೊರೆಸಿಕೊಂಡಳು. ಆಮೇಲೆ ಕ್ಲಾಸಿನ ದನಿ ತೆಗೆದಳು.

"ಜೋರಾಗಿ ಹೇಳವ್ವಾ. ಹಿಂದಿನ ಬೆಂಚಿಗೆ ಕೇಳಲಿಲ್ಲ."

ಅಜ್ಜಿ ಜೋರಾಗಿ ಹೇಳಿದಳು.