ಪರದೆಯ ಕೆಳಗೆ ಕಾಣುವ ಚಪ್ಪಲಿ

ಶಾಲೆಯ ದಿನಗಳು ಎಂದೊಡನೆ ಎಲ್ಲರಿಗೂ ಒಬ್ಬ ಗುರುಗಳೋ ಒಂದು ಪದ್ಯವೋ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಮಿರ್ಚಿ ಭಜಿ. ಇತಿಹಾಸ ಕಲಿಸಿದ ಟೀಚರಮ್ಮನ ಹೆಸರು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯುವುದಿಲ್ಲ. ವಿಜಯಪುರದ ಬಸ್ ನಿಲ್ದಾಣದ ಹಿಂದಿನ ಓಣಿಯ ಹೋಟೆಲಿನಲ್ಲಿ ಭಜಿ ಎಣ್ಣೆಗೆ ಬೀಳುತ್ತಿದ್ದ ಸದ್ದು ಮಾತ್ರ ಇನ್ನೂ ಕಿವಿಯಲ್ಲಿದೆ. ನಾನು ಓದಿನಲ್ಲಿ ಹಿಂದೆ ಬಿದ್ದಿದ್ದು ನೆನಪಿನ ಶಕ್ತಿ ಇಲ್ಲದೆ ಅಲ್ಲ. ಇದ್ದ ಜಾಗವನ್ನೆಲ್ಲ ಭಜಿಯೇ ಹಿಡಿದುಕೊಂಡಿತ್ತು.

ಆ ಹೋಟೆಲಿನಲ್ಲಿ ಗಂಡಸರಿಗೆ ಹೊರಗೆ ಬೆಂಚು, ಹೆಂಗಸರಿಗೆ ಒಳಗೆ 'ಫ್ಯಾಮಿಲಿ ರೂಮ್'. ರೂಮೆಂದರೆ ಹಲಗೆ ಬಡಿದ ಎದುರುಬದುರು ಗೂಡುಗಳು, ಒಂದೊಂದಕ್ಕೂ ಒಂದು ಪರದೆ, ಅಷ್ಟೇ. ನಾನು, ತಿಕೋಟಾದಿಂದ ಬಸ್ಸಿನಲ್ಲಿ ಶಾಲೆಗೆ ಬರುತ್ತಿದ್ದ ಗೆಳತಿ ಮಹಾದೇವಿ, ಇಬ್ಬರೂ ಶಾಲೆ ಬಿಟ್ಟ ಮೇಲೆ ಒಂದರೊಳಗೆ ನುಗ್ಗಿ, ನೆನೆಸಿ ಒಗ್ಗರಣೆ ಹಾಕಿದ ಚುರಮುರಿಯ ಸೂಸಲಾ, ಮೇಲೆ ಮಿರ್ಚಿ ತಿನ್ನುತ್ತಿದ್ದೆವು. ಪರದೆ ಎಳೆದರೆ ಊರಿಗೇ ನಾವು ಕಾಣುವುದಿಲ್ಲ ಎಂಬ ಭಂಡ ಧೈರ್ಯ. ಒಂದು ದಿನ ಪರದೆಯ ಆಚೆಯಿಂದ ಅವಳಪ್ಪನ ದನಿ ಬಂತು. "ಮಹಾದೇವೀ, ತಿನ್ನೂದು ಮುಗಿಸಿ ಹೊರಗ ಬಾ. ಬಸ್ ಬಂದೈತಿ." ಮುಖ ನೋಡದೆ ಇವರಿಗೆ ಹೇಗೆ ಗೊತ್ತಾಯಿತು? ಆಮೇಲೆ ತಿಳಿಯಿತು, ಪರದೆ ಮೊಣಕಾಲಿಗೇ ಮುಗಿಯುತ್ತಿತ್ತು. ಅದರ ಕೆಳಗೆ ಅವರೇ ಕೊಡಿಸಿದ ಕೆಂಪು ಚಪ್ಪಲಿ ಕಾಣುತ್ತಿತ್ತು. ಅಂದಿನಿಂದ ನಾವು ಚಪ್ಪಲಿ ಚೀಲದೊಳಗೆ ಹಾಕಿ, ಬೆಂಚಿನ ಮೇಲೆ ಪೂಜೆಗೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿಕೊಂಡು ತಿಂದೆವು. ಮತ್ತೆ ಸಿಕ್ಕಿಬೀಳಲಿಲ್ಲ.

ಈಗ ಆ ಧೈರ್ಯವೆಲ್ಲ ಸೊಸೆಯ ಮುಂದೆ ನಡೆಯುವುದಿಲ್ಲ. ಇದೇ ಊರಿನ ಜಲನಗರದ ನಮ್ಮ ಮನೆಯಲ್ಲಿ ಡಾಕ್ಟರು ಹೇಳಿದ್ದು ಒಂದು ಪಾಲಾದರೆ ಅವಳು ನಡೆಸುವುದು ನಾಲ್ಕು ಪಾಲು. "ಅತ್ತೀ, ಕರದದ್ದು ಮುಟ್ಟಬ್ಯಾಡ್ರಿ. ಮಾವಾರ್ಗೂ ಇಲ್ಲ, ನಿಮಗೂ ಇಲ್ಲ" ಎಂದು ನಮ್ಮಿಬ್ಬರ ಮುಂದೆ ಬೇಯಿಸಿದ ಸೋರೆಕಾಯಿ ಇಡುತ್ತಾಳೆ. ಒಳ್ಳೆಯ ಹುಡುಗಿ. ಅದೇ ಕಷ್ಟ, ಕೆಟ್ಟವಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನಮ್ಮ ಮನೆಯವರು ಬಬಲೇಶ್ವರದವರು. ತಮ್ಮೂರ ಚಹಾದಂಗಡಿಯ ಭಜಿಯ ಮುಂದೆ ವಿಜಯಪುರದ್ದು ಭಜಿಯೇ ಅಲ್ಲ ಎಂದು ಮದುವೆಯಾದಂದಿನಿಂದ ಸಾಧಿಸುತ್ತ ಬಂದವರು. ಅವರು ಸೋರೆಕಾಯಿಯನ್ನು ಎಷ್ಟು ವಿಧೇಯರಾಗಿ ತಿನ್ನುತ್ತಿದ್ದರೆಂದರೆ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಹೋದ ತಿಂಗಳು ಮಹಾದೇವಿ ಬಂದಳು. "ನಡಿ ಬೇ, ಒಂದ್ ಮಿರ್ಚಿ ತಿಂದ್ರ ಯಾರೂ ಸಾಯಂಗಿಲ್ಲ" ಎಂದಳು. ಸೊಸೆಗೆ ಗುಡಿಗೆ ಹೋಗುತ್ತೇವೆ ಎಂದು ಹೇಳಿ ಆ ಹೋಟೆಲಿಗೆ ಹೋದೆವು. ಓಣಿಯೆಲ್ಲ ಬದಲಾಗಿದೆ, ಗೂಡು ಮತ್ತು ಪರದೆ ಹಾಗೇ ಇವೆ. ತಾಟು ಬಂತು. ಮಿರ್ಚಿ ಬಾಯಿಗಿಡುವಷ್ಟರಲ್ಲಿ ನಮ್ಮ ಪರದೆಯ ಕೆಳಗಿನಿಂದ ಎದುರು ಗೂಡಿನ ಪರದೆಯ ಕೆಳಗೆ ಕಣ್ಣು ಹೋಯಿತು. ಹೆಬ್ಬೆರಳ ಹತ್ತಿರ ಕರಿ ದಾರದ ಹೊಲಿಗೆ ಹಾಕಿದ ಕಂದು ಚಪ್ಪಲಿ. ಆ ಹೊಲಿಗೆ ಹಾಕಿದವಳೇ ನಾನು.

ಎದ್ದು ಹೋಗಿ ಹಿಡಿಯಬೇಕಿತ್ತು. ಆದರೆ ನನ್ನ ಕಾಲಿಗೆ ಹಳೆಯ ಬುದ್ಧಿ ಬಂತು. ಚಪ್ಪಲಿ ಬಿಟ್ಟು ಎರಡೂ ಕಾಲು ಸರಕ್ಕನೆ ಬೆಂಚಿನ ಮೇಲೆ ಮಡಚಿದೆ. ಮಡಚಿದ್ದಷ್ಟೇ, ಬಲ ಮೊಣಕಾಲು ಕಟಕ್ ಎಂದಿತು. ಬಿಚ್ಚಲಿಲ್ಲ. ಮಹಾದೇವಿ ಎಳೆದಳು, ಜಗ್ಗಿದಳು, ಆಮೇಲೆ ಕೂತು ನಗತೊಡಗಿದಳು. ನಾನು ತಡೆಯಲಾರದೆ "ಯಪ್ಪಾ, ಸತ್ನೆಪಾ" ಎಂದೆ. ಎದುರು ಗೂಡಿನಲ್ಲಿ ಅಗಿಯುವ ಸದ್ದು ನಿಂತಿತು. ಪರದೆ ಸರಿಯಿತು. ಹೊರಗಿನ ಬೆಂಚಿನಲ್ಲಿ ಕೂತರೆ ಊರಿಗೆಲ್ಲ ಕಾಣುತ್ತದೆಂದು ಹೆಂಗಸರ ಕಡೆ ಸೇರಿಕೊಂಡಿದ್ದ ನಮ್ಮ ಮನೆಯವರು ಅರ್ಧ ಮಿರ್ಚಿ ಕೈಯಲ್ಲಿ ಹಿಡಿದು ನಿಂತಿದ್ದರು.

"ನೀ ಗುಡಿಗೆ ಹೋಗಿದ್ದೆಲ್ಲ?"

"ನೀವು ಭೂತನಾಳ ಕೆರಿ ಕಡೆ ವಾಕಿಂಗ್ ಹೋಗಿದ್ರೆಲ್ಲ? ವಿಜಯಪುರದ್ದು ಭಜೀನ ಅಲ್ಲಂತಿದ್ರಿ."

"ಅಲ್ಲೋ ಹೌದೋ ನೋಡಾಕ ಬಂದೇನಿ" ಎಂದು ಉಳಿದರ್ಧವನ್ನೂ ನೋಡಿ ಮುಗಿಸಿ ನನ್ನನ್ನು ಎತ್ತಿದರು. ಆಟೋದಲ್ಲಿ ಇಬ್ಬರೂ ಆಣೆ ಮಾಡಿದೆವು, ಇನ್ನು ಆ ಹೋಟೆಲಿನ ಕಡೆ ತಲೆಯಿಟ್ಟೂ ಮಲಗುವುದಿಲ್ಲ ಎಂದು. ಸೊಸೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, "ಗುಡ್ಯಾಗ ಅಷ್ಟೊತ್ತು ಕಾಲ ಮಡಚಿ ಕುಂದರಬಾರದ್ರಿ ಅತ್ತೀ" ಎಂದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ನಾಚಿಕೆ ಒಂದು ವಾರ ಬಾಳಿತು. ಆಮೇಲೆ ಮಹಾದೇವಿ ಮತ್ತೆ ಬಂದಳು. ಕಾಲು ಮಡಚುವ ಹಾಗಿಲ್ಲ, ಕೆಳಗೆ ಬಿಟ್ಟರೆ ಚಪ್ಪಲಿ ಕಾಣುತ್ತದೆ. ಯೋಚಿಸಿ ಯೋಚಿಸಿ ಸೊಸೆಯ ಹಳದಿ ಹೂವಿನ ಚಪ್ಪಲಿ ಮೆಟ್ಟಿಕೊಂಡು ಹೋದೆ. ಅವಳು ಕೆಲಸಕ್ಕೆ ಬೂಟು ಹಾಕಿಕೊಂಡು ಹೋಗುತ್ತಾಳೆ, ಗೊತ್ತಾಗುವ ಪ್ರಶ್ನೆಯೇ ಇಲ್ಲ. ಕಾಲು ನೀಡಿ ಕೂತು ನೆಮ್ಮದಿಯಿಂದ ಸೂಸಲಾ, ಮಿರ್ಚಿ ತಿಂದು ಬಂದೆ.

ಸಂಜೆ ಮನೆಯವರು ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು ಪಿಸುಗುಟ್ಟಿದರು. "ಯಾರಿಗೂ ಹೇಳಬ್ಯಾಡ. ನಮ್ಮ ಸೊಸಿ ಆ ಹೋಟೆಲ್ನ್ಯಾಗ ಕುಂತಿದ್ಳು. ಓಣ್ಯಾಗ ಹಾಯ್ದು ಹೋಗಾಕತ್ತಿದ್ದೆ, ಪರದೆ ಕೆಳಗ ಆಕಿ ಚಪ್ಪಲಿ ಕಂಡ್ವು." ಒಳಗಿನ ಗೂಡಿನ ಪರದೆ ಓಣಿಯಲ್ಲಿ ಹೋಗುವವರಿಗೆ ಕಾಣುವುದಿಲ್ಲ. ಆದರೆ ಅದನ್ನು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಇರ್ಲಿ ಬಿಡ್ರಿ" ಎಂದೆ ಬಹಳ ಉದಾರವಾಗಿ. "ಸಣ್ಣ ವಯಸ್ಸು, ತಿನ್ಲಿ. ನಾವು ಕೇಳಬಾರದು." ಇಂಥ ಅತ್ತೆ ಊರಿಗೊಬ್ಬಳು ಎನ್ನುವಂತೆ ಅವರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ನನಗೂ ಹಾಗೇ ಅನಿಸತೊಡಗಿತ್ತು. ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ಸೊಸೆಯ ದನಿ ಬಂತು.

"ಅತ್ತೀ, ನನ್ನ ಚಪ್ಪಲ್ಯಾಗ ಚುರಮುರಿ ಹೆಂಗ ಬಂತ್ರಿ?"

ನಮ್ಮ ಮನೆಯವರು ನನ್ನ ಮುಖ ನೋಡಲಿಲ್ಲ. ಸೀದಾ ನನ್ನ ಪಾದ ನೋಡಿದರು.