ನಮ್ಮ ಬೀದಿಗೆ ಬಾರದೆಯೇ ಸವೆದ ಬೇರಿಂಗ್ ಅವರಿಗೆ

ಕೆಲಮಂಗಲದ ಮುತ್ತರಾಯಪ್ಪನ ಗ್ಯಾರೇಜಿನಲ್ಲಿ, ಸುಟ್ಟ ಎಣ್ಣೆಯ ಡಬ್ಬದೊಳಗೆ ವಿಶ್ರಾಂತಿ ಪಡೆಯುತ್ತಿರುವ, ನಮ್ಮ ಫ್ಯಾಕ್ಟರಿ ವ್ಯಾನಿನ ಹಿಂದಿನ ಡಿಫರೆನ್ಶಿಯಲ್‌ನ ಮಾಜಿ ಬೇರಿಂಗ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಕಾಲೊನಿಯ ಹೆಂಗಸರೆಲ್ಲರ ಪರವಾಗಿ ಸಾವಿರ ಶರಣು. ಹಿಂದಿನ ಎರಡು ಚಕ್ರಗಳ ನಡುವೆ, ಕುಂಬಳಕಾಯಿ ಗಾತ್ರದ ಕಬ್ಬಿಣದ ಉಂಡೆಯೊಳಗೆ ಕುಳಿತು, ಯಾರ ಕಣ್ಣಿಗೂ ಬೀಳದೆ, ನಮ್ಮೆಲ್ಲರ ಭಾರ ಹೊತ್ತು ಹೊಸೂರಿನವರೆಗೆ ತಿರುಗಿದ ತಮ್ಮ ಸೇವೆಯನ್ನು ಹೊಗಳಲು ನಮಗೆ ಬಾಯಿ ಸಾಲದು. ಆದರೆ ತಮ್ಮ ಹೆಸರು ಹೇಳಿಕೊಂಡು ನಮ್ಮನ್ನು ಬೀದಿಯಲ್ಲಿ ನಡೆಸಿದ ಸಂಗತಿಯನ್ನು ತಮಗೆ ತಿಳಿಸದಿದ್ದರೆ ತಮಗೇ ಅವಮಾನವೆಂದು ಈ ದೂರು.

ವ್ಯಾನು ಮೇಲಿನೂರಿನ ಅರಳಿಮರದ ತನಕ ಬರುತ್ತದೆ, ಕಾಲೊನಿಗೆ ಬರುವುದಿಲ್ಲ. ವ್ಯಾನು ಹತ್ತುವವರಲ್ಲಿ ಮೇಲಿನೂರಿನವರು ಮೂರೇ ಜನ, ಉಳಿದವರೆಲ್ಲ ನಾವು. ಆದರೂ ನಡೆಯುವವರು ನಾವು. ನಸುಕಿನಲ್ಲೆದ್ದು, ಇಟ್ಟಿಗೆಗೂಡಿನ ನಾಯಿಗಳಿಗೆ ಮರ್ಯಾದೆ ಸಲ್ಲಿಸುತ್ತ ಮರದ ಬುಡ ಸೇರುತ್ತೇವೆ. ನಮ್ಮ ಕಲ್ಪನಾ ಈಗ ತುಂಬಿದ ಬಸುರಿ. ಇನ್ನೊಂದು ಸಲ ವ್ಯಾನು ತಪ್ಪಿದರೆ ಕೆಲಸಕ್ಕೆ ಬರಬೇಡವೆಂದು ಅವಳಿಗೆ ಗೇಟಿನಲ್ಲೇ ಹೇಳಿದ್ದಾರೆ. ಕೆಲಸ ಹೋದರೆ ಹೆರಿಗೆ ರಜೆಯೂ ಹೋಯಿತು. ವ್ಯಾನು ಕಾಲೊನಿಗೆ ಬರಲಿ ಎಂದು ನಾವು ಕೇಳಿಕೊಂಡೆವು. ಸಾರಿಗೆ ಉಸ್ತುವಾರಿ ಸಾಹೇಬರ ಉತ್ತರವನ್ನು ಡ್ರೈವರ್ ಯುವರಾಜ್ ನನ್ನ ಹತ್ತಿರ ತಂದ: "ನಾನೇನ್ ಮಾಡ್ಲಿ ಸರಳಕ್ಕಾ, ನಿಮ್ ಬೀದಿಗ್ ಬಂದ್ರೆ ಹಿಂದ್ಲು ಬೇರಿಂಗು ಹೋಗ್ಬುಡ್ತದಂತೆ."

ಪಕ್ಕದಲ್ಲಿದ್ದ ಗೋವಿಂದಮ್ಮ ಎಲೆಯಡಿಕೆ ಉಗಿದು, "ಬೇರಿಂಗ್ಗೂ ಮಡಿ ಬಂದದೆ ಕಣಮ್ಮೀ" ಅಂದಳು.

ಆಹಾ, ಎಂಥ ಸೂಕ್ಷ್ಮ ಶರೀರ ತಮ್ಮದು! ಮೇಲಿನೂರಿನ ಕಲ್ಲುಬೀದಿಯಲ್ಲಿ, ಎಮ್ಮೆ ಮಲಗುವಷ್ಟು ದೊಡ್ಡ ಗುಂಡಿಯಲ್ಲಿ ದಿನವೂ ಇಳಿದೇಳುವಾಗ ತಮಗೆ ಒಂದು ಗೀರೂ ಆಗಲಿಲ್ಲ. ಪಕ್ಕದ ಹೊಲದಲ್ಲಿ ಸೈಟು ಮಾರಲು ಬಂದ ಲೇಔಟಿನವರು ಹೊಸದಾಗಿ ಡಾಂಬರು ಹಾಕಿದ ನಮ್ಮ ರಸ್ತೆಯ ಹೆಸರು ಕೇಳಿದರೇ ಸವೆದುಹೋಗುವಿರಿ!

ಹಾಗಿದ್ದೂ, ನಮ್ಮ ಬೀದಿಯ ಮುಖ ನೋಡದೆಯೇ ತಾವು ಊಳಿಡಲು ಶುರುಮಾಡಿದಿರಿ. ವಾರದೊಳಗೆ ಸಾಹೇಬರೇ ಬಂದು ಬಗ್ಗಿ ಕಿವಿಗೊಟ್ಟರು. ಊಳಿಟ್ಟರೆ ಕೇಳಿಸುತ್ತದೆಂದು ಗೊತ್ತಿದ್ದರೆ ನಾವು ಕೈಮುಗಿದು ಕಾಲ ಕಳೆಯುತ್ತಿರಲಿಲ್ಲ. ಕೊನೆಗೊಂದು ಸಂಜೆ ವ್ಯಾನು ಮುತ್ತರಾಯಪ್ಪನ ಗ್ಯಾರೇಜಿನ ಮುಂದೆ ನಿಂತಿತು, ನಮ್ಮನ್ನೆಲ್ಲ ಇಳಿಸಿದರು. ಉಂಡೆ ಬಿಚ್ಚಿದಾಗ ತಮ್ಮ ದರ್ಶನ ಭಾಗ್ಯ: ಮುಖವೆಲ್ಲ ನೀಲಿಗಟ್ಟಿ, ಸಿಡುಬೆದ್ದಂತೆ ಗುಳಿಬಿದ್ದಿತ್ತು.

"ಲೋ ಯುವರಾಜಾ, ಇದಕ್ಕೆ ಎಣ್ಣೆ ಯಾವಾಗ್ಲಾ ಹಾಕ್ಸಿದ್ದೆ? ಒಳಗೆ ತೊಟ್ಟೂ ಇಲ್ವಲ್ಲಾ!" ಎಂದು ಮುತ್ತರಾಯಪ್ಪ ಗದರಿದ.

"ಆಯುಧಪೂಜೆಗೆ ಕುಂಕುಮ ಇಕ್ಕಿ, ನಿಂಬೆಹಣ್ ಕಟ್ಟಿದ್ದೆ ಕಣಣ್ಣೋ."

"ಆ ನಿಂಬೆಹಣ್ಣೇ ಹಿಂಡಿ ಬಿಟ್ಟಿದ್ರೂ ಇಷ್ಟು ಕೆಡ್ತಿರ್ಲಿಲ್ಲ ಕಣ್ಲಾ!"

ವರ್ಷವರ್ಷವೂ ಹೊರಗಿನ ಕಬ್ಬಿಣಕ್ಕೆ ಗಂಧ ಬಳಿದು, ಹಾರ ಹಾಕಿ, ಮಂಗಳಾರತಿ ಎತ್ತಿ, ಒಳಗಿದ್ದ ತಮಗೆ ಒಂದು ಲೋಟ ಎಣ್ಣೆ ಕೊಡದ ಭಕ್ತರನ್ನು ಪಡೆದ ತಾವೇ ಧನ್ಯರು. ಈ ದೇಶದಲ್ಲಿ ಪೂಜೆ ಮಾಡಿಸಿಕೊಂಡವರ ಗತಿಯೇ ಇಷ್ಟು ಎಂದು ಹೆಂಗಸರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಮುತ್ತರಾಯಪ್ಪ ಹೊಸ ಬೇರಿಂಗ್ ಕೂರಿಸಿ, ಎಣ್ಣೆ ತುಂಬಿ, ಮೊದಲು ನುಣ್ಣನೆಯ ರಸ್ತೆಯಲ್ಲಿ ಖಾಲಿ ಗಾಡಿಯನ್ನು ನಿಧಾನಕ್ಕೆ ಓಡಿಸಿ ನೋಡಿ ಎಂದ. ಸುತ್ತಮುತ್ತ ನುಣ್ಣನೆಯ ರಸ್ತೆ ಎಲ್ಲಿದೆ ಹೇಳಿ? ಮರುದಿನ ಬೆಳಗ್ಗೆ ವ್ಯಾನು, ಖಾಲಿ ವ್ಯಾನು, ಮುಂದಿನ ಸೀಟಿನಲ್ಲಿ ಸಾಹೇಬರನ್ನು ಕೂರಿಸಿಕೊಂಡು ನಮ್ಮ ಕಾಲೊನಿಯ ರಸ್ತೆಯಲ್ಲಿ ಸವಾರಿ ಬಂತು. ಸೊಂಟಕ್ಕೆ ಕೈ ಕೊಟ್ಟುಕೊಂಡು ಅರಳಿಮರದ ಕಡೆಗೆ ನಡೆಯುತ್ತಿದ್ದ ಕಲ್ಪನಾಳ ಪಕ್ಕಕ್ಕೆ ಬಂದು ಅವಳ ಜೊತೆಗೇ ನಿಧಾನಕ್ಕೆ ಉರುಳಿತು. ಸಾಹೇಬರು ಗಾಜಿಳಿಸಿ ಕೇಳಿದರು: "ಏನಮ್ಮಾ, ಹಿಂದ್ಗಡೆ ಏನಾದ್ರೂ ಸದ್ದು ಬತ್ತೈತಾ?"

ಅವಳು ಪಾಪ, ಕಿವಿಗೊಟ್ಟು ಕೇಳಿ, "ಇಲ್ಲ ಸಾರ್, ಚೆಂದಾಗ್ ಓಡ್ತೈತೆ" ಅಂದಳು. ಗಾಜು ಏರಿತು, ಗಾಡಿ ಹೋಯಿತು. ಅವಳು ಏದುಸಿರು ಬಿಡುತ್ತ ಮರದ ಹತ್ತಿರ ಬರುವಾಗ ವ್ಯಾನು ಹೊರಡುವುದರಲ್ಲಿತ್ತು. ಗೋವಿಂದಮ್ಮ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತದ್ದರಿಂದ ಅವತ್ತಿನ ಮಟ್ಟಿಗೆ ಅವಳ ಕೆಲಸ ಉಳಿಯಿತು.

ಆದಕಾರಣ ತಮ್ಮಲ್ಲಿ ನಮ್ಮ ವಿನಂತಿ: ದಯವಿಟ್ಟು ಡಬ್ಬದಿಂದೆದ್ದು ಬಂದು, ತಾವು ಸತ್ತದ್ದು ಬಾಯಾರಿಕೆಯಿಂದಲೇ ಹೊರತು ನಮ್ಮ ಗಾಳಿ ತಾಗಿ ಅಲ್ಲವೆಂದು ಫ್ಯಾಕ್ಟರಿಯ ಗೇಟಿನಲ್ಲಿ ಸಾಕ್ಷಿ ಹೇಳಬೇಕು. ಅದಾಗದಿದ್ದರೆ ಮುಂದಿನ ಜನ್ಮದಲ್ಲಿ ಸಾಹೇಬರ ಸ್ವಂತ ಕಾರಿನಲ್ಲಿ ಹುಟ್ಟಿ, ನಮ್ಮ ಬೀದಿಯ ಎದುರಿಗೇ ಮುರಿದು, ಅವರನ್ನು ನಸುಕಿನಲ್ಲಿ ಅರಳಿಮರದ ತನಕ ನಡೆಸಬೇಕು. ನಾಯಿಗಳಿಗೆ ನಾವು ಹೇಳಿರುತ್ತೇವೆ.

ತಮ್ಮ ಪುನರ್ಜನ್ಮಕ್ಕೆ ತಡವಾಗಬಹುದು, ಕಲ್ಪನಾಳ ಹೆರಿಗೆ ಕಾಯುವುದಿಲ್ಲ. ಹಾಗಾಗಿ ನಾಳೆಯಿಂದ ನಾವ್ಯಾರೂ ಮರದ ಕಡೆಗೆ ನಡೆಯುವುದಿಲ್ಲ. ಅವಳಿಗೊಂದು ಕುರ್ಚಿ ಹಾಕಿ, ಸುತ್ತ ನಾವೆಲ್ಲ ಕಾಲೊನಿಯ ಬಾಯಲ್ಲೇ ನಿಂತಿರುತ್ತೇವೆ. ಒಬ್ಬಳಿಗೆ ವ್ಯಾನು ತಪ್ಪಿದರೆ ಅವಳ ಕೆಲಸ ಹೋಗುತ್ತದೆ. ಎಲ್ಲರಿಗೂ ತಪ್ಪಿದರೆ ಯಾರ ಕೆಲಸ ಹೋಗುತ್ತದೋ ನೋಡೇಬಿಡೋಣ.

ಸವೆದರೂ ಇನ್ನೂ ಡಬ್ಬಕ್ಕೆ ಬೀಳದ,
ತಮ್ಮ ವಿಶ್ವಾಸಿ,
ಸರಳಾ
(ಕಾಲೊನಿಯ ಎಲ್ಲ ಹೆಂಗಸರ ಪರವಾಗಿ)

ಮರೆತ ಮಾತು: ಈ ಪತ್ರದ ಪ್ರತಿಯನ್ನು ಸಾಹೇಬರಿಗೆ ಕಳಿಸಿಲ್ಲ. ನಾಳೆ ಬೆಳಗ್ಗೆ ಅವರಿಗೆ ಖಾಲಿ ಸೀಟುಗಳು ತಲುಪುತ್ತವೆ, ಅವನ್ನೇ ಓದಿಕೊಳ್ಳಲಿ.