ಆರುನೂರ ನಲವತ್ತನೆಯ ಸ್ಟಿಕರ್

ಇಪ್ಪತ್ತಾರು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದ ಮನುಷ್ಯನಿಗೆ ಒಂದು ಪುಕ್ಕಟೆ ಆಟ ನೂರಕ್ಕೆ ನಲವತ್ತೊಂದು ಅಂಕ ಕೊಟ್ಟರೆ ಅವನು ಯಾವ ಕೋರ್ಟಿಗೆ ಹೋಗಬೇಕು? ರಟ್ಟಪ್ಪನಿಗೆ ತಿಳಿಯಲಿಲ್ಲ. (ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬೈಂಡಿಂಗ್ ಅಂಗಡಿ ತೆರೆದ ಮೇಲೆ ಅದನ್ನು ಬ್ಯಾಂಕಿನವರು ಬಿಟ್ಟು ಬೇರೆ ಯಾರೂ ನೆನಪಿಟ್ಟುಕೊಂಡಿರಲಿಲ್ಲ.)

ಆ ಮನೆಯಲ್ಲಿ ಫುಟ್ಬಾಲ್ ಸ್ಟಿಕರುಗಳ ಹುಚ್ಚು ಇದ್ದದ್ದು ಹೆಂಡತಿಗೆ. ಅವಳು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಹಗಲೆಲ್ಲ ಅಂಗಡಿಯವರ ತಕ್ಕಡಿ ಪರೀಕ್ಷೆ ಮಾಡಿ ಅವರ ಬೆವರಿಳಿಸಿ ಬಂದವಳು ಸಂಜೆ ಆಲ್ಬಂ ಬಿಚ್ಚಿಕೊಂಡು ಕೂತರೆ ಮಗುವಾಗಿಬಿಡುತ್ತಿದ್ದಳು. ಸ್ಟಿಕರಿನ ಪೊಟ್ಟಣ ಒಡೆಯುವುದು, ಎರಡೆರಡು ಬಂದವನ್ನು ಪರವೂರಿನ ಸಂಗ್ರಾಹಕರ ಜೊತೆ ಅಂಚೆಯಲ್ಲಿ ಅದಲುಬದಲು ಮಾಡುವುದು, ಪಟ್ಟಿ ಬರೆಯುವುದು, ಎಲ್ಲ ಅವಳ ಖಾತೆ. ಅಂಟಿಸುವ ಖಾತೆ ಮಾತ್ರ ರಟ್ಟಪ್ಪನದು. ಅವಳು ಅಂಟಿಸಿದರೆ ಒಳಗೆ ಗಾಳಿ ಉಳಿದುಕೊಂಡು, ಎಂಥ ವೀರಾಧಿವೀರ ಆಟಗಾರನೂ ಹಲ್ಲುನೋವಿಗೆ ಕೆನ್ನೆ ಊದಿಸಿಕೊಂಡವನಂತೆ ಕಾಣುತ್ತಿದ್ದ.

ಅಳೆಯದೆ ಏನನ್ನೂ ಒಪ್ಪುವ ಹೆಂಗಸಲ್ಲ ಅವಳು. ಹಾಲಿನ ಪ್ಯಾಕೆಟ್ಟನ್ನೂ ತೂಗಿಯೇ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಮದುವೆಗೆ ಮುಂಚೆ ರಟ್ಟಪ್ಪ ತನ್ನ ಎತ್ತರ ಐದು ಅಡಿ ಏಳು ಅಂಗುಲ ಎಂದಿದ್ದ. ಮದುವೆಯಾದ ಮೂರನೆಯ ದಿನ ಅವನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಒಂದೂವರೆ ಅಂಗುಲ ವಜಾ ಮಾಡಿದ್ದಳು. ಅಂಥವಳು, ಗಂಡ ಅಂಟಿಸಿದ ಸ್ಟಿಕರಿಗೆ ಮಾತ್ರ ಒಂದು ದಿನವೂ ಸ್ಕೇಲು ಹಿಡಿದಿರಲಿಲ್ಲ. "ನಿಮ್ಮ ಕೈಯೇ ಒಂದು ಸ್ಕೇಲು ಬಿಡ್ರಿ" ಅಂದಿದ್ದಳು. ಸಂಸಾರದಲ್ಲಿ ರಟ್ಟಪ್ಪನಿಗೆ ಸಿಕ್ಕ ಬಿರುದು ಅದೊಂದೇ. ಅದನ್ನೇ ಹೊದ್ದುಕೊಂಡು ಅವನು ಬೆಚ್ಚಗಿದ್ದ.

ಆಲ್ಬಮ್ಮಿನಲ್ಲಿ ಆರುನೂರ ನಲವತ್ತು ಚೌಕ. ಆರುನೂರ ಮೂವತ್ತೊಂಬತ್ತು ತುಂಬಿದ್ದವು. ಉಳಿದದ್ದು ಒಬ್ಬ ಬದಲಿ ಗೋಲ್‌ಕೀಪರ್, ಹೆಂಡತಿಯ ಬಾಯಲ್ಲಿ 'ಗೋಲಿ'. ಅವನು ಇನ್ನು ಮೂರು ವಾರದಲ್ಲಿ ಅಂಚೆಯಲ್ಲಿ ಬರುವವನಿದ್ದ. ಅಷ್ಟರವರೆಗೆ ಕೈ ಕಟ್ಟಿ ಕೂರಲಾರದೆ ಹೆಂಡತಿ ಕಂಪ್ಯೂಟರಿನಲ್ಲಿ ತಡಕಾಡಿ, ಇಂಥ ಸಂಗ್ರಾಹಕರಿಗೆಂದೇ ಯಾರೋ ಪುಣ್ಯಾತ್ಮರು ಮಾಡಿಟ್ಟ ಆಟಗಳನ್ನು ಹುಡುಕಿ ತೆಗೆದಳು. ಬ್ರೌಸರಿನಲ್ಲೇ ಆಡಬಹುದು, ಕಾಸು ಬೇಡ. ಒಂದರಲ್ಲಿ ಪೊಟ್ಟಣ ಒಡೆಯಬೇಕು, ಇನ್ನೊಂದರಲ್ಲಿ ಜೋಡಿ ಹುಡುಕಬೇಕು. ಮೂರನೆಯದು, ಸ್ಟಿಕರನ್ನು ಮೌಸಿನಲ್ಲಿ ಹಿಡಿದು, ತಿರುಗಿಸಿ, ಚೌಕದಲ್ಲಿ ನೆಟ್ಟಗೆ ಕೂರಿಸುವ ಆಟ. ಕೂರಿಸಿದ ಕೂಡಲೇ ಅಂಕ.

"ರೀ, ಬನ್ನಿ ಇಲ್ಲಿ. ನಿಮಗೋಸ್ಕರವೇ ಮಾಡಿದ ಹಾಗಿದೆ."

ರಟ್ಟಪ್ಪ ಕೈ ತೊಳೆದು, ಒರೆಸಿಕೊಂಡು, ತೋಳು ಮಡಚಿ, ಸಿಂಹಾಸನಾರೂಢನಾದ. ಒಬ್ಬ ಆಟಗಾರನನ್ನು ಎತ್ತಿ ತಂದು, ಒಂದು ಕಣ್ಣು ಮುಚ್ಚಿ ನೋಡಿ, ಕೂರಿಸಿದ. 'ಬಲಕ್ಕೆ ವಾಲಿದೆ. ನಲವತ್ತೊಂದು.'

"ಮೌಸು ಸರಿಯಿಲ್ಲ."

"ಹೊಸದು ರೀ."

"ಹಾಗಾದ್ರೆ ಮೇಜು ಸೊಟ್ಟಗಿದೆ."

"ಮೇಜಿನ ಮಟ್ಟ ನಾನೇ ನೋಡಿ ಹಾಕ್ಸಿದ್ದು. ಅದರ ಸುದ್ದಿಗೆ ಬರಬೇಡಿ."

"ಅಂಟಿನ ವಾಸನೆ ಇಲ್ದೆ ನಂಗೆ ಕೈ ಓಡಲ್ಲ ಕಣೇ."

ಹೆಂಡತಿ ಎದ್ದುಹೋಗಿ, ಗೋಂದಿನ ಡಬ್ಬಿ ತಂದು ಮುಚ್ಚಳ ತೆಗೆದು ಅವನ ಮೂಗಿನ ಹತ್ತಿರ ಇಟ್ಟಳು. ರಟ್ಟಪ್ಪ ಮತ್ತೆ ಅಂಟಿಸಿದ. ಮೂವತ್ತೊಂಬತ್ತು.

ಅಷ್ಟರಲ್ಲಿ ಅತ್ತೆ ಬಂದರು. ಕಣ್ಣಿನ ಪೊರೆ ತೆಗೆಸಿಕೊಂಡು ಮಗಳ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದ ಅವರಿಗೆ ಈಚೆಗೆ ಜಗತ್ತಿನ ಧೂಳೆಲ್ಲ ಕಾಣಿಸಲು ಶುರುವಾಗಿತ್ತು.

"ಈ ಪಾಪದವನ್ನ ಎಲ್ಲಿಗೆ ಎಳೀಬೇಕೇ?"

"ಆ ಚೌಕಕ್ಕಮ್ಮ."

ಅತ್ತೆ ಎಳೆದು ಬಿಟ್ಟರು. ತೊಂಬತ್ತೇಳು.

"ಇನ್ನು ಮೂರು ಯಾಕೆ ಕೊಡಲಿಲ್ಲ?" ಎಂದು ಕೇಳಿದರು.

ಹೆಂಡತಿ ಇಲಾಖೆಯ ಮುಖ ಹಾಕಿಕೊಂಡಳು. "ನೋಡಿ, ಕೊನೇ ಸ್ಟಿಕರು. ಇದಕ್ಕೋಸ್ಕರ ಎರಡು ವರ್ಷ ಒದ್ದಾಡಿದೀನಿ. ಗೋಲಿ ಬರೋ ಹೊತ್ತಿಗೆ ಇದರಲ್ಲಿ ಯಾರ ಅಂಕ ಜಾಸ್ತಿ ಇರುತ್ತೋ ಅವರೇ ಅಂಟಿಸೋದು."

"ಅಂದ್ರೆ ನನ್ನ ಕೈ ಮೇಲೆ ನಂಬಿಕೆ ಹೋಯ್ತಾ?"

"ನಂಬಿಕೆ ಇದೆ ರೀ. ಅದನ್ನೇ ಅಂಕದಲ್ಲಿ ತೋರಿಸಿ ಅಂತಿದೀನಿ."

ಮಾರನೆಯ ದಿನದಿಂದ ರಟ್ಟಪ್ಪ ಅಂಗಡಿಯ ಕಂಪ್ಯೂಟರಿನ ಮುಂದೆ ತಪಸ್ಸಿಗೆ ಕೂತ. ಮಧ್ಯಾಹ್ನದ ಊಟ ಮೌಸಿನ ಪಕ್ಕದಲ್ಲೇ. ಕಾನೂನು ಪುಸ್ತಕಗಳ ರಟ್ಟು ಕೇಳಲು ಬಂದ ವಕೀಲರಿಗೆ, "ಸ್ವಲ್ಪ ತಡೀರಿ ಸಾರ್, ಕೈಯಲ್ಲಿ ಒಬ್ಬ ಡಿಫೆಂಡರ್ ಇದ್ದಾನೆ" ಅಂದ. ವಕೀಲರು ತಮ್ಮ ವೃತ್ತಿಗೆ ತಕ್ಕಂತೆ ತಪ್ಪಾಗಿ ತಿಳಿದು, ಯಾವ ಕೇಸು ಎಂದು ವಿಚಾರಿಸಿದರು.

ಐನೂರು ಆಟಗಾರರನ್ನು ಅಂಟಿಸಿದ ಮೇಲೆ ರಟ್ಟಪ್ಪನಿಗೆ ಜ್ಞಾನೋದಯವಾಯಿತು. ತನ್ನ ಕಣ್ಣಿಗೆ ನೆಟ್ಟಗೆ ಕಂಡದ್ದು ಯಂತ್ರಕ್ಕೆ ಬಲಕ್ಕೆ ವಾಲಿದೆ. ಒಂದು ಕೂದಲೆಳೆ ಎಡಕ್ಕೆ ತಿರುಗಿಸಿ, ತನಗೆ ಸೊಟ್ಟ ಕಾಣುವಂತೆ ಕೂರಿಸಿದರೆ ಯಂತ್ರ ಶಹಬ್ಬಾಸ್ ಅನ್ನುತ್ತದೆ. ಯಂತ್ರದ್ದೇ ಕಣ್ಣು ಸರಿಯಿಲ್ಲ ಎಂದು ರಟ್ಟಪ್ಪ ತೀರ್ಪು ಕೊಟ್ಟ. ಆದರೂ ಅದಕ್ಕೆ ಬೇಕಾದ ಹಾಗೆ ನಡೆದುಕೊಂಡ. (ಒಪ್ಪದ ಮಾತಿಗೆ ತಲೆಯಾಡಿಸುವ ಅಭ್ಯಾಸ ಅವನಿಗೆ ಮದುವೆಯಿಂದಲೇ ಬಂದಿತ್ತು.) ಮೂರು ವಾರ ಮುಗಿಯುವಷ್ಟರಲ್ಲಿ, ಯೋಚಿಸದೆಯೇ ಕೈ ಎಡಕ್ಕೆ ತಿರುಗತೊಡಗಿತು. ಶುಕ್ರವಾರ ಸಂಜೆ ಹೆಂಡತಿಯ ಸಮಕ್ಷಮದಲ್ಲಿ ನೂರಕ್ಕೆ ನೂರು ಹೊಡೆದ. ಅತ್ತೆ ತೊಂಬತ್ತೊಂಬತ್ತಕ್ಕೆ ನಿಂತರು.

"ಗೊತ್ತಿತ್ತು ನಂಗೆ!" ಅಂದಳು ಹೆಂಡತಿ. ಅವಳ ಕಣ್ಣಲ್ಲಿ ನೀರು ಬಂದಿತ್ತು. ಗೋಂದಿನ ಡಬ್ಬಿ ಇನ್ನೂ ತೆರೆದೇ ಇದ್ದದ್ದೂ ಕಾರಣವಿರಬಹುದು.

ಶನಿವಾರ ಮಧ್ಯಾಹ್ನ ಗೋಲಿ ಬಂದ. ಹೆಂಡತಿ ಲಕೋಟೆ ಕತ್ತರಿಸಿ ಅವನನ್ನು ಹೊರಗೆ ತೆಗೆದಳು. ರಟ್ಟಪ್ಪ ಹಿಂದಿನ ಕಾಗದ ಬಿಡಿಸಿ, ಉಸಿರು ಹಿಡಿದು, ಕೈಗೆ ರೂಢಿಯಾದಂತೆ ಕೂರಿಸಿ, ಬಟ್ಟೆಯಿಂದ ಒತ್ತಿ ಒರೆಸಿದ. ಒಂದು ಗುಳ್ಳೆಯಿಲ್ಲ. ಮೂವರೂ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು.

"ಅಯ್ಯೋ, ರೀ," ಅಂದಳು ಹೆಂಡತಿ. "ಸೊಟ್ಟ."

ಹೌದು. ಆ ಪುಟದ ಇಪ್ಪತ್ತು ಜನರಲ್ಲಿ ಗೋಲಿಯೊಬ್ಬನೇ ಬೇರೆ ನಿಂತಿದ್ದ. ರಟ್ಟಪ್ಪ ಬಗ್ಗಿ ಗೋಲಿಯ ಅಂಚನ್ನೂ ಪುಟದ ಅಂಚನ್ನೂ ನೋಡಿದ. ಎರಡೂ ರೈಲು ಹಳಿಯಂತೆ ಸಮಾನಾಂತರವಾಗಿದ್ದವು. ಆಮೇಲೆ ಪಕ್ಕದವನನ್ನು ನೋಡಿದ. ಅವನ ಪಕ್ಕದವನನ್ನು ನೋಡಿದ. ಹಿಂದಿನ ಪುಟಗಳನ್ನು ತಿರುವಿ ನೋಡಿ, ಮೆಲ್ಲಗೆ ಮತ್ತೆ ಗೋಲಿಯ ಪುಟಕ್ಕೇ ಬಂದ. ಹತ್ತೊಂಬತ್ತು ಜನರಲ್ಲ, ಆರುನೂರ ಮೂವತ್ತೊಂಬತ್ತು ಜನ, ಮೂವತ್ತೆರಡು ತಂಡಗಳು, ಬಲಗಡೆಯಿಂದ ಯಾರೋ ಕರೆದಂತೆ ಒಟ್ಟಾಗಿ ಬಲಕ್ಕೆ ವಾಲಿ ನಿಂತಿದ್ದರು. ವಕೀಲರ ಪುಸ್ತಕಗಳ ಬೆನ್ನಿನ ಮೇಲೆ ಅಂಟಿಸಿದ ಹೆಸರಿನ ಚೀಟಿಗಳೂ ಒಂದರ ಹಿಂದೆ ಒಂದು ಅವನ ಕಣ್ಣಮುಂದೆ ಹಾದುಹೋದವು.

"ನೂರಕ್ಕೆ ನೂರು ತಗೊಂಡು ಹೀಗೆ ಹೇಗಾಯ್ತು?" ಹೆಂಡತಿ ಹುಬ್ಬು ಗಂಟಿಕ್ಕಿದಳು. "ಇರಿ, ಸ್ಕೇಲು ತರ್ತೀನಿ. ಎಷ್ಟು ಸೊಟ್ಟ ಅಂತ ನೋಡೇಬಿಡೋಣ."

"ಬೇಡ!" ಅಂದ ರಟ್ಟಪ್ಪ. ಆ ಮನೆಯಲ್ಲಿ ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಅಳೆಯೋದೇನೂ ಬೇಡ ಕಣೇ. ಸೊಟ್ಟಾನೇ. ಕೈ ನಡುಗಿಬಿಡ್ತು. ತಪ್ಪು ನಂದೇ."

ಅತ್ತೆ ಪುಟದ ಮೇಲೆ ಬಗ್ಗಿದ್ದವರು ತಲೆಯೆತ್ತಿದರು. "ಇದು ನೆಟ್ಟಗೇ ಇದೆಯಲ್ಲೇ. ನನಗೇನೋ ಮಿಕ್ಕವರೆಲ್ಲ..."

"ಅತ್ತೆ! ಕಣ್ಣಿಗೆ ಔಷಧಿ ಹಾಕೋ ಹೊತ್ತಾಯ್ತು!"

"ಈಗ ತಾನೆ ಹಾಕ್ಕೊಂಡೆ, ಅಳಿಯಂದಿರೇ."

"ಡಾಕ್ಟರು ಹೊತ್ತುಹೊತ್ತಿಗೆ ಹಾಕಬೇಕು ಅಂದಿಲ್ವಾ? ಬನ್ನಿ, ಮಲಕ್ಕೊಳ್ಳಿ, ನಾನೇ ಹಾಕ್ತೀನಿ."

ಹೆಂಡತಿ ಗಂಡನ ಮುಖವನ್ನು ನೋಡಿದಳು. ಅವಳ ಮುಖದಿಂದ ಇಲಾಖೆ ಇಳಿದುಹೋಗಿತ್ತು.

"ಹೋಗ್ಲಿ ಬಿಡ್ರಿ, ಅಷ್ಟೊಂದು ಸಣ್ಣ ಮುಖ ಮಾಡ್ಕೋಬೇಡಿ. ಆರುನೂರ ಮೂವತ್ತೊಂಬತ್ತು ನೆಟ್ಟಗೆ ಅಂಟಿಸಿದ ಕೈ. ಒಂದು ಸೊಟ್ಟ ಆದ್ರೆ ಏನಂತೆ? ಅಷ್ಟು ವ್ಯತ್ಯಾಸಕ್ಕೆ ನಮ್ಮ ಇಲಾಖೇಲೂ ಮಾಫಿ ಇದೆ."

ಜೀವಮಾನದಲ್ಲಿ ನೆಟ್ಟಗೆ ಮಾಡಿದ ಒಂದೇ ಒಂದು ಕೆಲಸಕ್ಕೆ ರಟ್ಟಪ್ಪ ತಲೆತಗ್ಗಿಸಿ ಮಾಫಿ ಸ್ವೀಕರಿಸಿದ. ಆಮೇಲೆ ಅತ್ತೆಯನ್ನು ಕೋಣೆಗೆ ಕರೆದುಕೊಂಡು ಹೋಗಿ, ದಿಂಬು ಸರಿಮಾಡಿ, ಔಷಧಿ ಹಾಕಿದ. ಕಣ್ಣಿಗೆ ಒಂದೊಂದು ಹನಿ ಎಂದು ಚೀಟಿಯಲ್ಲಿ ಬರೆದಿತ್ತು. ನಾಲ್ಕು ನಾಲ್ಕು ಹಾಕಿದ.